ಮಾಡೆಲ್ ಹಸುವಿನ ಬಲಮಗ್ಗುಲು

ಕೊಠಡಿ ಬದಲಿಸುವಾಗ ಪಶುವೈದ್ಯ ಕಾಲೇಜಿನ, ಒಳಗಿನ ಅಂಗಗಳನ್ನು ತೋರಿಸುವ ಪ್ಲಾಸ್ಟರ್ ಹಸು ಬಿದ್ದು ಚೂರಾಯಿತು. ಅಟೆಂಡರ್ ತನಗೆ ತೋಚಿದಂತೆ ಅಂಟು ಹಚ್ಚಿ ಜೋಡಿಸಿದ. ಎಡಕ್ಕಿರಬೇಕಾದ ಮೇವಿನ ದೊಡ್ಡ ಹೊಟ್ಟೆ ಬಲಕ್ಕೆ ಬಂತು. ಮೇಲಿನವರಿಗೆ ವರದಿ ಬರೆದು ಬೈಸಿಕೊಳ್ಳುವವರು ಯಾರು ಎಂದು ಪ್ರೊಫೆಸರರು ಅದಕ್ಕೇ ಬಣ್ಣ ಹೊಡೆಸಿ, ನಂಬರು ಬರೆಸಿ ನಿಲ್ಲಿಸಿಬಿಟ್ಟರು.

ಮೌಖಿಕ ಪರೀಕ್ಷೆಯಲ್ಲಿ, ದನಗಳ ನಡುವೆಯೇ ಬೆಳೆದ ಚಂದ್ರಕಲಾ ದೊಡ್ಡ ಹೊಟ್ಟೆ ಎಡಗಡೆ ಎಂದಳು.

“ಮಾಡೆಲ್ ನೋಡಿ ಹೇಳಮ್ಮ.”

“ನಿಜವಾದ ಹಸುಗೆ ಎಡಗಡೆನೇ ಅಲ್ವಾ ಸರ್ ಇರೋದು?”

“ಮಾರ್ಕ್ಸ್ ಕೊಡೋದು ಹಸುನೋ, ನಾನೋ?”

ಅವಳು ಫೇಲಾದಳು. ರಜೆಗೆ ಎಲ್ಲರೂ ಊರಿಗೆ ಹೋದರೂ ಮರುಪರೀಕ್ಷೆಗೆಂದು ಹಾಸ್ಟೆಲಿನಲ್ಲಿ ಉಳಿದವಳು ಅವಳೊಬ್ಬಳೇ.

ಒಂದು ಮಧ್ಯಾಹ್ನ ಪ್ರೊಫೆಸರರು ಫೋನು ಮಾಡಿ ಅವಳನ್ನು ಮನೆಗೆ ಕರೆಸಿಕೊಂಡರು. ಅವರ ಹಸು ಹಸಿಮೇವು ತಿಂದು, ಹೊಟ್ಟೆಯುಬ್ಬರಿಸಿಕೊಂಡು ಏದುಸಿರು ಬಿಡುತ್ತಾ ನಿಂತಿತ್ತು. ಬೇರೆ ಡಾಕ್ಟರು ಯಾರೂ ಸಿಕ್ಕಿರಲಿಲ್ಲ. ಇಪ್ಪತ್ತು ವರ್ಷದಿಂದ ಪ್ಲಾಸ್ಟರನ್ನಷ್ಟೇ ಮುಟ್ಟಿದ್ದ ಪ್ರೊಫೆಸರರು ಸೂಜಿಯನ್ನು ಅವಳ ಕೈಗೇ ಕೊಟ್ಟರು.

“ಚುಚ್ಚಿ ಗಾಳಿ ಬಿಡಿಸಮ್ಮ, ಬೇಗ!”

ಚಂದ್ರಕಲಾ ದಪ್ಪ ಸೂಜಿ ಹಿಡಿದು, ನೆಟ್ಟಗೆ ಹಸುವಿನ ಬಲಮಗ್ಗುಲಿಗೆ ಹೋಗಿ ಕೈ ಎತ್ತಿದಳು.

“ಅಯ್ಯೋ, ಅಲ್ಲಲ್ಲ! ಎಡಗಡೆ, ಎಡಗಡೆ!”

ಅವಳು ಎತ್ತಿದ ಕೈಯನ್ನು ಇಳಿಸಲಿಲ್ಲ. “ಹಾಗಾದ್ರೆ ಮರುಪರೀಕ್ಷೇಲೂ ಎಡಗಡೆ ಅಂತ್ಲೇ ಹೇಳ್ಲಾ ಸರ್?”

“ಪರೀಕ್ಷೇಲಿ ಬಲಗಡೆ ಅಂತ್ಲೇ ಹೇಳು ತಾಯಿ, ಇದು ನಮ್ಮನೆ ಹಸು!”