ಜೀಪಿನಿಂದ ಇಳಿದ ಹುಡುಗಿ

ಜೀಪು ಶಾಲೆಯ ಗೇಟಿನ ಮುಂದೆ ನಿಂತಾಗ ಹೆಡ್‌ಮಾಸ್ತರು ಕಿಟಕಿಯಿಂದ ಇಣುಕಿದರು. ಅದರ ಮುಂದೆ ಜಿಲ್ಲಾ ಶಿಕ್ಷಣಾಧಿಕಾರಿಗಳ ಫಲಕವಿತ್ತು. ಶಾಲೆ ಮುಚ್ಚುವ ಆದೇಶವೇ ಬಂತೆಂದುಕೊಂಡು, ಶರಟಿನ ಮೇಲಿನ ಗುಂಡಿ ಹಾಕಿಕೊಳ್ಳುತ್ತ ಓಡಿದರು. ಇಳಿದದ್ದು ಸಾಹೇಬರಲ್ಲ. ಎರಡು ಜಡೆಯ, ಒಂಬತ್ತು ವರ್ಷದ ಹುಡುಗಿ. ಚಾಲಕ ಅವಳಿಗೆ ಬಾಗಿಲು ತೆಗೆದು, ಚೀಲವನ್ನು ತಾನೇ ಹಿಡಿದುಕೊಂಡಿದ್ದ.

"ನಾಲ್ಕನೇ ಕ್ಲಾಸಿಗೆ ಸೇರಿಸ್ಬೇಕು ಸರ್. ಸಾಹೇಬ್ರು ಇದೇ ಶಾಲೆ ಅಂದ್ರು," ಎಂದು ಅವನು ಲಕೋಟೆಯೊಂದನ್ನು ಕೊಟ್ಟ.

ಹೆಡ್‌ಮಾಸ್ತರಿಗೆ ಊರಿನಲ್ಲಿ ಮನವಿ ಮಾಸ್ತರು ಎಂದೇ ಹೆಸರು. ಚಾವಣಿ ಸೋರುತ್ತದೆ ಎಂದು ಬರೆದಿದ್ದರು. ನಲ್ಲಿಗೆ ನೀರಿಲ್ಲ ಎಂದು ಬರೆದಿದ್ದರು. ಗಣಿತದ ಮೇಷ್ಟ್ರು ಮೂರು ವರ್ಷದಿಂದ ಪಟ್ಟಣದ ಕಚೇರಿಯಲ್ಲಿ ನಿಯೋಜನೆಯ ಮೇಲೆ ಕುಳಿತಿದ್ದಾರೆ, ದಯವಿಟ್ಟು ವಾಪಸು ಕಳಿಸಿ ಎಂದೂ ಬರೆದಿದ್ದರು. ಇವಕ್ಕೆಲ್ಲ ಉತ್ತರವಾಗಿ ವರ್ಷಕ್ಕೊಮ್ಮೆ ಬರುತ್ತಿದ್ದುದು ಜಿಲ್ಲೆಯ ಫಲಿತಾಂಶದ ಪಟ್ಟಿ. ಅರವತ್ತೆರಡು ಶಾಲೆಗಳಲ್ಲಿ ಇವರದು ಜಾರುತ್ತ ಜಾರುತ್ತ ಈಗ ಅರವತ್ತೆರಡನೆಯದು. ಅಡಿಯಲ್ಲಿ ಒಂದು ಸಾಲು: ಫಲಿತಾಂಶ ಸುಧಾರಿಸಿದರೆ ಅನುದಾನವನ್ನು ಪರಿಶೀಲಿಸಲಾಗುವುದು. ಈ ಸಲ ಇನ್ನೊಂದು ಸಾಲು ಸೇರಿತ್ತು: ಇಲ್ಲವಾದಲ್ಲಿ ಶಾಲೆಯನ್ನು ಮುಚ್ಚಲಾಗುವುದು.

ಅಷ್ಟೊಂದು ಮನವಿ ಬರೆದವರು ಲಕೋಟೆಯೊಳಗಿನ ಅರ್ಜಿಯನ್ನು ಮಾತ್ರ ಓದಲಿಲ್ಲ. ಸಾಹೇಬರ ಮನೆಯ ವಿಚಾರ ಕೆದಕುವುದು ಸಭ್ಯತೆಯಲ್ಲ. ಹುಡುಗಿಯನ್ನೇ ಕೇಳಿ ಅವಳ ಹೆಸರನ್ನಷ್ಟೇ ಹಾಜರಿ ಪುಸ್ತಕಕ್ಕೆ ಏರಿಸಿ, ಲಕೋಟೆಯನ್ನು ಕಣ್ಣಿಗೊತ್ತಿಕೊಂಡು ಬೀರುವಿಗೆ ಹಾಕಿ ಬೀಗ ಜಡಿದರು.

ಸುದ್ದಿ ಊರು ಸುತ್ತಲು ಒಂದು ಮಧ್ಯಾಹ್ನ ಸಾಕಾಯಿತು. ಮಾರನೆಯ ಬೆಳಿಗ್ಗೆ ಶಾಲಾ ಕಟ್ಟಡಗಳ ಇಂಜಿನಿಯರು ಹಾಜರಾದರು. ಐದು ವರ್ಷದಿಂದ ಆ ಚಾವಣಿ ಅವರ ಕಡತದಲ್ಲಿ ಸುಸ್ಥಿತಿಯಲ್ಲಿತ್ತು. ಈಗ ತಲೆಯೆತ್ತಿ ನೋಡಿ, ಇದು ಮಕ್ಕಳ ಮೇಲೆ ಬಿದ್ದರೆ ಯಾರು ಹೊಣೆ ಎಂದು ಮಾಸ್ತರನ್ನೇ ಗದರಿದರು. ವಾರದೊಳಗೆ ಹೊಸ ಹಂಚು ಕೂತಿತು. ನಲ್ಲಿಯಲ್ಲಿ ನೀರು ಬಂತು. ಅದನ್ನು ನೋಡಲು ಮಕ್ಕಳು ಸಾಲುಗಟ್ಟಿದರು. ಪರೀಕ್ಷೆ ಮುಗಿದ ಮೇಲೆ ಬರುತ್ತಿದ್ದ ಪಠ್ಯಪುಸ್ತಕಗಳು ಪರೀಕ್ಷೆಗೆ ಮುಂಚೆಯೇ ಬಂದು ಎಲ್ಲರನ್ನೂ ಗಾಬರಿಪಡಿಸಿದವು. ಗಣಿತದ ಮೇಷ್ಟ್ರು ಹಾಸಿಗೆ ಸಮೇತ ಬಂದಿಳಿದು, ಹಳ್ಳಿಯ ಗಾಳಿ ತಮಗೆ ಮೊದಲಿನಿಂದಲೂ ಇಷ್ಟವೆಂದು ಎರಡು ಸಲ ಹೇಳಿದರು, ಹುಡುಗಿಗೆ ಕೇಳಿಸುವ ಹಾಗೆ.

ಯಾರೂ ಸುಳ್ಳು ಹೇಳಲಿಲ್ಲ. ಯಾರೂ ಏನನ್ನೂ ಕೇಳಲೂ ಇಲ್ಲ. ಚಾಲಕ ಸಂಜೆ ನಾಲ್ಕಕ್ಕೆ ಸರಿಯಾಗಿ ಬರುತ್ತಿದ್ದ. ಇವತ್ತೇನು ಕಲಿತೆ ಎಂದು ಮಕ್ಕಳನ್ನು ಎಲ್ಲರೂ ಕೇಳುತ್ತಾರೆ. ಅವನು ಕೇಳುತ್ತಿದ್ದುದೇ ಬೇರೆ.

"ಇವತ್ತು ಸ್ಕೂಲಲ್ಲಿ ಏನಿರ್ಲಿಲ್ಲ ಪುಟ್ಟಿ?"

ಭೂಪಟ ಇರಲಿಲ್ಲ ಎಂದಳು ಒಂದು ದಿನ. ಪಕ್ಕದಲ್ಲಿ ನಿಂತಿದ್ದ ಗಣಿತದ ಮೇಷ್ಟ್ರು ಕೂಡಲೇ ಪಟ್ಟಣಕ್ಕೆ ಫೋನು ಮಾಡಿದರು. ಎರಡು ದಿನದಲ್ಲಿ ಭೂಪಟ ಬಂತು. ಒಂದಲ್ಲ, ಮೂರು.

ವಾರ್ಷಿಕ ಪರೀಕ್ಷೆಯ ಪಟ್ಟಿಗೆ ತಂದೆಯ ಉದ್ಯೋಗ ಬೇಕಾದಾಗ ಮಾಸ್ತರು ಬೀರು ತೆಗೆದರು, ಅರ್ಜಿ ಬಿಚ್ಚಿದರು. ಉದ್ಯೋಗ: ಜೀಪು ಚಾಲಕ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಅಕ್ಷರ ಬದಲಾಗಲಿಲ್ಲ.

ಹೇಳಿದರೆ ಗಣಿತದ ಮೇಷ್ಟ್ರು ಅದೇ ಸಂಜೆ ಗಂಟುಮೂಟೆ ಕಟ್ಟುತ್ತಾರೆ. ಹೇಳದೆ ಸಿಕ್ಕಿಬಿದ್ದರೆ ಸಾಹೇಬರ ಹೆಸರಿನಲ್ಲಿ ಮೋಸ ಮಾಡಿದಂತೆ. ಚಾಲಕನ ಕೆಲಸವೂ ಹೋಗುತ್ತದೆ, ತಮ್ಮದೂ ಹೋಗುತ್ತದೆ. ಪಕ್ಕದ ಕೋಣೆಯಿಂದ ಮಗ್ಗಿ ಕೇಳಿಬರುತ್ತಿತ್ತು. ಆ ಶಾಲೆಯಲ್ಲಿ ಹತ್ತರ ಮಗ್ಗಿ ದಾಟಿದವರೇ ಇರಲಿಲ್ಲ. ಈಗ ಹದಿನಾಲ್ಕರದು ನಡೆದಿತ್ತು. ಮಾಸ್ತರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಪಟ್ಟಿಯಲ್ಲಿ 'ಸರ್ಕಾರಿ ನೌಕರ' ಎಂದು ಬರೆದರು. ಅದೂ ಸುಳ್ಳಲ್ಲ.

ಫಲಿತಾಂಶ ಬಂತು. ಅರವತ್ತೆರಡರಲ್ಲಿ ಐದನೆಯದು. ಅದರ ಬೆನ್ನಿಗೇ, ಸಾಹೇಬರು ಖುದ್ದಾಗಿ ಬಂದು ಬಹುಮಾನ ಹಂಚುತ್ತಾರೆಂಬ ಪತ್ರವೂ ಬಂತು. ಮಾಸ್ತರಿಗೆ ಎರಡು ದಿನ ಊಟ ಸೇರಲಿಲ್ಲ.

ಸಭೆಯಲ್ಲಿ ಇಂಜಿನಿಯರು ಮೊದಲ ಸಾಲಿನಲ್ಲಿ ಕುಳಿತಿದ್ದರು. ಸಾಹೇಬರು ಹುಡುಗಿಯ ಕೈಗೆ ಬಹುಮಾನ ಕೊಟ್ಟು, ತಲೆ ಸವರಿ, "ಭೇಷ್ ಮಗಳೇ," ಎಂದರು. ಇಂಜಿನಿಯರು ಚಪ್ಪಾಳೆ ನಿಲ್ಲಿಸಲೇ ಇಲ್ಲ. ಹಿರಿಯರು ಯಾವ ಹುಡುಗಿಯನ್ನಾದರೂ ಹಾಗೆ ಕರೆಯುತ್ತಾರೆಂಬುದು ಅಲ್ಲಿ ನೆನಪಿದ್ದದ್ದು ಮಾಸ್ತರೊಬ್ಬರಿಗೇ.

ಎಲ್ಲ ಮುಗಿದ ಮೇಲೆ ಸಾಹೇಬರು ಮಾಸ್ತರ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡರು. ಆ ಹುಡುಗಿಯ ವರ್ಗಾವಣೆ ಪತ್ರ ಬರೆದುಕೊಡಿ ಎಂದರು. ಎಲ್ಲ ಗೊತ್ತಾಗಿಹೋಗಿದೆ ಎಂದುಕೊಂಡರು ಮಾಸ್ತರು.

"ಸರ್, ತಪ್ಪು ನಂದು. ಅವಳು ನಿಮ್ಮ ಮಗಳು ಅಂತ ಎಲ್ರೂ ಅಂದ್ಕೊಂಡ್ರು. ಅಲ್ಲ ಅಂತ ಗೊತ್ತಾದ್ಮೇಲೂ ನಾನು ಬಾಯಿ ಬಿಡ್ಲಿಲ್ಲ. ಡ್ರೈವರ್‌ಗೆ ಏನೂ ಮಾಡ್ಬೇಡಿ. ಮಗು ಕ್ಲಾಸಿಗೇ ಮೊದಲು ಬಂದಿದೆ."

ಸಾಹೇಬರು ಕುಳಿತು, ತಲೆಯೆತ್ತಿ ಹೊಸ ಹಂಚುಗಳನ್ನು ನೋಡಿದರು. ಮಾಸ್ತರ ಮನವಿಗಳೆಲ್ಲ ತಮಗೆ ತಲುಪಿದ್ದವೆಂದರು. ಪ್ರತಿಯೊಂದಕ್ಕೂ ಮಂಜೂರು ಎಂದು ಸಹಿ ಹಾಕಿದ್ದರಂತೆ. ಸಹಿ ಬಿದ್ದ ಕಾಗದ ಒಂದೂ ಗುಮಾಸ್ತರ ಮೇಜು ದಾಟಲಿಲ್ಲವಂತೆ. ಆಮೇಲೆ ಜೇಬಿನಿಂದ ಈ ವರ್ಷದ ಪಟ್ಟಿ ತೆಗೆದು, ಕಟ್ಟಕಡೆಯ ಶಾಲೆಯ ಮೇಲೆ ಬೆರಳಿಟ್ಟರು. ಅಲ್ಲಿ ಒಂದು ಗೋಡೆಯೇ ಇಲ್ಲವಂತೆ.

"ರಜೆ ಮುಗಿದ್ಮೇಲೆ ಜೀಪು ಇಲ್ಲಿಗೆ ಹೋಗುತ್ತೆ. ನಿಮಗಿಂತ ಮುಂಚೆ ಮೂರು ಜನ ಹೆಡ್‌ಮಾಸ್ತರು ಹೀಗೇ ಬೆವರಿದ್ರು, ಯಾರೂ ಹೊರಗೆ ಹೇಳಿಲ್ಲ. ನೀವೂ ಹೇಳ್ಬೇಡಿ," ಎಂದು ಎದ್ದು ನಿಂತರು.

"ಆ ಮಗು ನಾಲ್ಕು ಶಾಲೆ ರಿಪೇರಿ ಮಾಡಿದೆ ಮಾಸ್ತರೆ. ನಾನಿನ್ನೂ ಒಂದೂ ಮಾಡಿಲ್ಲ."