ಓಬಯ್ಯ ರಸ್ತೆ ದಾಟಿದ್ದು

ಬಯಲುಹಟ್ಟಿಯ ಪಕ್ಕದ ವಿಮಾನ ನಿಲ್ದಾಣದಿಂದ ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಗಳು ದಿನವಿಡೀ ಏಳುತ್ತಿದ್ದವು. ಒಂದೊಂದು ಎದ್ದಾಗಲೂ ಊರವರು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದಿಳಿದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಕಣ್ಣು ಕಾಣದ ಓಬಯ್ಯನಿಗೆ ಮಾತ್ರ ಆ ಸದ್ದಿನಲ್ಲಿ ಊರೇ ಅಳಿಸಿಹೋಗುತ್ತಿತ್ತು. ಒಮ್ಮೆ ನಡುರಸ್ತೆಯಲ್ಲಿ ಹಾಗಾದಾಗ ಲಾರಿ ತಗುಲಿ ತೋಳು ಮುರಿದಿತ್ತು. ಅಂದಿನಿಂದ ರಸ್ತೆಯಾಚೆಯ ತಂಗಿ ಪಾಲಮ್ಮನ ಮನೆಗೆ ಒಬ್ಬನೇ ಹೋಗುವುದನ್ನು ಬಿಟ್ಟಿದ್ದ.

ಆ ಬೆಳಿಗ್ಗೆ ಎಂಜಿನಿಯರ್ ನಫೀಸಾ ಸದ್ದು ಅಳೆಯಲು ರಸ್ತೆಬದಿ ನಿಂತಿದ್ದಳು. ಎಂಜಿನ್ನಿನ ಬಿಸಿಗಾಳಿ ಹೊರಬೀಳುವ ಕೊಳವೆಬಾಯಿಯನ್ನು ಹೊಸದಾಗಿ ರೂಪಿಸಿದವಳು ಅವಳೇ. ರಸ್ತೆಬದಿಗೆ ಬಂದ ಓಬಯ್ಯನಿಗೆ ತನ್ನ ಹೆಸರು ಹೇಳಿ, ಅದರ ಪುಟ್ಟ ಮಾದರಿಯನ್ನು ಅವನ ಕೈಗಿಟ್ಟಳು. ಅವನು ಅಂಚನ್ನು ತಡವಿದ.

"ಇದೇನವ್ವ, ಕುಡುಗೋಲಿನಂಗೆ ಹಲ್ಲು ಐತೆ?"

"ಹೂಂ ಅಜ್ಜ. ಬಿಸಿಗಾಳಿ ಆ ಹಲ್ಲುಗಳ ಸಂದಿಯಲ್ಲೇ ಹೊರಗಿನ ಗಾಳಿ ಜೊತೆ ಬೆರೆಯುತ್ತೆ. ಅಬ್ಬರ ಕಮ್ಮಿಯಾಗುತ್ತೆ. ಇವತ್ತಿಂದ ಏಳೋದೆಲ್ಲ ಇಂಥವೇ."

ಓಬಯ್ಯ ಕೋಲು ಹಿಡಿದು ರಸ್ತೆಗಿಳಿದ. ನಡುವಿನ ಕಟ್ಟೆ ತಲುಪುವಷ್ಟರಲ್ಲಿ ವಿಮಾನ ಎದ್ದಿತು. ಅವನ ಕಾಲುಗಳು ನೆಲ ಕಚ್ಚಿ ನಿಂತವು. ಸದ್ದು ಬಂತು, ಆದರೆ ತಗಡಿನ ಮೇಲೆ ಸುರಿಯುವ ಜೋರು ಮಳೆಯಷ್ಟೇ. ಅದರೊಳಗಿಂದ ಲಾರಿಯೊಂದರ ಹಾರನ್ ಸ್ಪಷ್ಟವಾಗಿ ಕೇಳಿಸಿತು. ಹಿಂದೆಯೇ ಪಾಲಮ್ಮನ ದನಿ.

"ನಿಲ್ಲಣ್ಣ, ಲಾರಿ ಹೋಗ್ಲಿ. ಹಾಂ, ಈಗ ಬಾ."

ವಿಮಾನ ಇನ್ನೂ ಮೊರೆಯುತ್ತಿದ್ದಂತೆಯೇ ಓಬಯ್ಯ ಆ ದನಿಯ ಜಾಡು ಹಿಡಿದು ನಡೆದ. ಹೊಸ್ತಿಲು ಕೋಲಿಗೆ ತಾಗಿದಾಗ ಪಾಲಮ್ಮ ಅವನ ಮುರಿದು ಕೂಡಿದ ತೋಳು ಹಿಡಿದು ಅಳತೊಡಗಿದಳು.

ಓಬಯ್ಯ ರಸ್ತೆಯ ಕಡೆಗೆ ತಿರುಗಿ ಕೈಮುಗಿದ.

"ನಫೀಸವ್ವ, ನೀನೂ ಬಾ. ನನ್ನ ತಂಗಿ ಕೈಯೂಟ ಉಂಡು ಹೋಗುವಂತೆ."