ಫಾದರ್ ಬರುವವರೆಗೆ

“ನೀರು,” ಎಂದರು ಬೆನಿಟಾ.

ಮಗಳು ಮಟಿಲ್ಡಾ ಮಂಚದ ಪಕ್ಕದ ಮೇಜಿಗೆ ಬಿಳಿ ಬಟ್ಟೆ ಹಾಸುತ್ತಿದ್ದಳು. ಕೈ ನಿಲ್ಲಿಸಿ, ಬಾಗಿ ತಾಯಿಯ ಕಿವಿಯ ಹತ್ತಿರ ಹೇಳಿದಳು: “ಈಗ ಬೇಡ ಅಮ್ಮ. ಫಾದರ್ ಪರಮ ಪ್ರಸಾದ ತರ್ತಾರೆ. ಅದು ತೆಗೆದುಕೊಂಡ ಕೂಡಲೇ ಬೇಕಾದಷ್ಟು ಕೊಡ್ತೇನೆ.”

“ಫಾದರ್ ಬರ್ತಾರಾ? ಹಾಗಾದ್ರೆ ಬೇಡ, ಬೇಡ,” ಎಂದು ಮುದುಕಿ ಚಿಕ್ಕ ಮಗುವಿನ ಹಾಗೆ ತುಟಿ ಬಿಗಿದುಕೊಂಡರು. ಸ್ವಲ್ಪ ಹೊತ್ತಿನಲ್ಲೇ ಅದು ಮರೆತುಹೋಗಿ ಮತ್ತೆ ನೀರು ಕೇಳಿದರು.

ಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಹನಿ ನೀರನ್ನೂ ಮುಟ್ಟಬಾರದೆಂಬುದು ಆಗಿನ ನಿಯಮ. ಇದನ್ನು ಮಟಿಲ್ಡಾಳಿಗೆ ಕಲಿಸಿದವರು ಇದೇ ಬೆನಿಟಾ. ಮೊದಲ ಪ್ರಸಾದದ ದಿನ ಬಾಯಿ ಮುಕ್ಕಳಿಸುವಾಗ ಒಂದು ಗುಟುಕು ಒಳಗೆ ಹೋಯಿತೆಂದು ಎಂಟು ವರ್ಷದ ಮಗಳನ್ನು ಹೊಸ ಬಿಳಿ ಫ್ರಾಕಿನಲ್ಲೇ ಮನೆಯಲ್ಲಿ ಕೂರಿಸಿದ್ದ ಹೆಂಗಸು ಅವರು. ಹುಡುಗಿ ಅತ್ತರೂ ಕರೆದರೂ ಕರಗಲಿಲ್ಲ. ಅಂಥವರು ಇವತ್ತು ನೀರು ಕೇಳುತ್ತಾರೆಂದರೆ ಅದು ಜ್ವರದ ಮಾತು, ನೆಟ್ಟಗೆ ಪ್ರಜ್ಞೆ ಇದ್ದರೆ ಕೇಳುತ್ತಲೇ ಇರಲಿಲ್ಲ ಎಂದುಕೊಂಡಳು ಮಟಿಲ್ಡಾ. ಹಾಗೆ ಎಂದುಕೊಂಡದ್ದು ತಪ್ಪು ಎನ್ನಲು ನಾವು ಯಾರು? ಆ ಕಾಲದಲ್ಲಿ ಉರ್ವದ ಯಾವ ಮಗಳಾದರೂ ಹಾಗೇ ಎಂದುಕೊಳ್ಳುತ್ತಿದ್ದಳು.

ಫಾದರನ್ನು ಕರೆಯಲು ಇಗರ್ಜಿಗೆ ಹೋಗಿದ್ದ ಅವಳ ಗಂಡ ಇಸಿದೋರ್ ಬೆಳಿಗ್ಗೆ ಒಂಬತ್ತು ಗಂಟೆಗೆ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ. “ಇನ್ನೂ ಒಂದು ಗಂಟೆ ಆಗ್ತದಂತೆ. ಕದ್ರಿಯಲ್ಲಿ ಇನ್ನೊಬ್ಬರಿಗೆ ತುಂಬ ಕಷ್ಟ ಉಂಟು, ಅಲ್ಲಿಗೆ ಹೋಗಿ ಬರ್ತಾರೆ.” ಅತ್ತೆಯ ಮುಖ ನೋಡಿದವನೇ ದನಿ ತಗ್ಗಿಸಿದ. “ಒಂದು ಚಮಚ ನೀರು ಕೊಡು ಮಾರಾಯ್ತಿ. ನಾಲಗೆ ನೋಡು, ಹೇಗೆ ಒಣಗಿ ಹೋಗಿದೆ. ಒಂದು ಚಮಚಕ್ಕೆ ಎಂತ ಆಗ್ತದೆ?”

“ಎಂತ ಆಗ್ತದಾ? ಪ್ರಸಾದ ತಪ್ತದೆ! ಪ್ರಸಾದ ಇಲ್ಲದೆ ಅಮ್ಮ ಹೋದ್ರೆ ದೇವರಿಗೆ ಯಾರು ಉತ್ತರ ಕೊಡ್ತಾರೆ? ನೀವು ಕೊಡ್ತೀರಾ?”

ದೇವರ ಹೆಸರು ಬಂದ ಮೇಲೆ ಇಸಿದೋರ್ ಹೆಂಡತಿಯೆದುರು ಯಾವತ್ತೂ ಗೆದ್ದವನಲ್ಲ. ಜಗಲಿಗೆ ಹೋಗಿ ಕುಳಿತ. ಮಟಿಲ್ಡಾ ಮೇಜಿನ ಮೇಲೆ ಶಿಲುಬೆ ನಿಲ್ಲಿಸಿ, ಎರಡು ಮೇಣದ ಬತ್ತಿ ಇಟ್ಟು, ಫಾದರ್ ಬೆರಳು ತೊಳೆಯಲು ಗಾಜಿನ ಬಟ್ಟಲಲ್ಲಿ ನೀರು ಇಟ್ಟಳು. ಬೆನಿಟಾ ಶಿಲುಬೆಯನ್ನೂ ನೋಡಲಿಲ್ಲ, ಬತ್ತಿಯನ್ನೂ ನೋಡಲಿಲ್ಲ. ಅವರ ಕಣ್ಣು ಬಟ್ಟಲಿನ ಮೇಲೆ ನಿಂತಿತು. ಮಗಳು ಅದನ್ನು ಕಂಡಳು. ಬಟ್ಟಲನ್ನು ಎತ್ತಿ ಶಿಲುಬೆಯ ಹಿಂದಕ್ಕೆ ಸರಿಸಿದಳು.

ಹತ್ತೂವರೆಗೆ ಓಣಿಯಲ್ಲಿ, ಪ್ರಸಾದ ಬರುವಾಗ ಮುಂದೆ ಬಾರಿಸುವ ಗಂಟೆ ಕೇಳಿಸಿತು. ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲಿ ಮೊಣಕಾಲೂರಿದರು. ಫಾದರ್ ಸೆವರಿನ್ ಎದೆಗೆ ಒತ್ತಿಕೊಂಡಿದ್ದ ಪ್ರಸಾದದ ಚಿನ್ನದ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು, ಬೆನಿಟಾ ಅವರ ಮುಖ ನೋಡಿ, ಮಟಿಲ್ಡಾಳ ಕಡೆ ತಿರುಗಿದರು.

“ಬಾಯಿ ಯಾಕೆ ಇಷ್ಟು ಒಣಗಿದೆ?”

“ನಡುರಾತ್ರಿಯಿಂದ ಒಂದು ಹನಿ ಕೊಟ್ಟಿಲ್ಲ ಫಾದರ್,” ಎಂದಳು ಮಟಿಲ್ಡಾ. ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. “ಎಷ್ಟು ಕೇಳಿದರೂ ಕೊಡಲಿಲ್ಲ.”

“ಅಯ್ಯೋ ಮಗಳೇ, ಸಾಯುವವರಿಗೆ ಆ ನಿಯಮ ಇಲ್ಲ. ಗಂಜಿ ಕುಡಿದಿದ್ದರೂ ನಾನು ಪ್ರಸಾದ ಕೊಡ್ತಿದ್ದೆ. ನಿನಗೆ ಯಾರೂ ಹೇಳಲಿಲ್ವಾ?”

ಯಾರೂ ಹೇಳಿರಲಿಲ್ಲ. ಅವಳೂ ಯಾರನ್ನೂ ಕೇಳಿರಲಿಲ್ಲ. ಶಿಲುಬೆಯ ಹಿಂದಿನ ಬಟ್ಟಲನ್ನು ತಂದು, ಚಮಚ ಹಿಡಿದು ತಾಯಿಯ ಬಾಯಿಗೆ ನೀರು ಬಿಟ್ಟಳು. ನೀರು ಒಳಗೆ ಇಳಿಯಲಿಲ್ಲ. ತುಟಿಯ ಅಂಚಿನಿಂದ ಹರಿದು ದಿಂಬಿಗೆ ಹೋಯಿತು. ಇನ್ನೊಂದು ಚಮಚ, ಮತ್ತೊಂದು. ಬೆನಿಟಾ ಕಣ್ಣು ತೆರೆದೇ ಇದ್ದರು, ಆದರೆ ನುಂಗುವ ಶಕ್ತಿ ಹೋಗಿಬಿಟ್ಟಿತ್ತು. ಫಾದರ್ ಪ್ರಸಾದದ ಅತಿ ಚಿಕ್ಕ ಚೂರನ್ನು ಮುರಿದು ಕೈಯಲ್ಲಿ ಹಿಡಿದು ಕಾದರು. ಕೊನೆಗೆ ಅದನ್ನು ಡಬ್ಬಿಗೆ ವಾಪಸ್ ಇಟ್ಟು, ಮುಚ್ಚಳ ಹಾಕಿ, ಮುದುಕಿಯ ಹಣೆಗೆ, ಸಾಯುವವರಿಗೆ ಹಚ್ಚುವ ಪವಿತ್ರ ತೈಲ ಹಚ್ಚಿದರು. ಪ್ರಾರ್ಥನೆ ಮುಗಿಯುವ ಮೊದಲೇ ಉಸಿರು ನಿಂತಿತು.

“ಕುಡಿ ಅಮ್ಮ, ಈಗ ಕುಡಿಯಬಹುದು. ಫಾದರ್ ಹೇಳಿದ್ದಾರೆ, ಕುಡಿ,” ಎನ್ನುತ್ತ ಮಟಿಲ್ಡಾ ಇನ್ನೂ ಚಮಚ ತುಂಬುತ್ತಿದ್ದಳು. ಇಸಿದೋರ್ ಬಂದು ಅವಳ ಕೈ ಹಿಡಿದ. ತಾನೇ ಎದ್ದು ಒಂದು ಚಮಚ ಕೊಟ್ಟಿದ್ದರೆ ಯಾರು ತಡೆಯುತ್ತಿದ್ದರು ಎಂದುಕೊಂಡ.

ಹೊರಡುವಾಗ ಫಾದರ್ ಮಟಿಲ್ಡಾಳ ತಲೆಯ ಮೇಲೆ ಕೈ ಇಟ್ಟರು. “ನೀನು ತಿಳಿದು ಮಾಡಿದ್ದಲ್ಲ. ನಿನ್ನ ವಿಧೇಯತೆಯನ್ನು ದೇವರು ನೋಡಿದ್ದಾರೆ.”

“ನೋಡಿರ್ತಾರೆ ಫಾದರ್,” ಎಂದಳು ಮಟಿಲ್ಡಾ. “ಅಮ್ಮ ನೀರು ಕೇಳಿದ್ದೂ ಅವರಿಗೆ ಕೇಳಿಸಿರ್ತದೆ.”